ಮರಿ ನಾಯಿಯ ಒಂದು ಗೀರು

ಬೆಳಿಗ್ಗೆ ಶಾಲೆಗೋ ಕಾಲೇಜಿಗೋ ಹೊರಟಾಗ ನಿಮ್ಮನ್ನು ಮೊದಲು ಮಾತನಾಡಿಸುವವರು ಯಾರು? ನೀವು ಹಾಸನದ ಸಾಲಗಾಮೆ ರಸ್ತೆಯಲ್ಲಿರಿ, ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಗೆ ಹತ್ತಿರವಿರಿ, ಅರಕಲಗೂಡಿನ ಒಂದು ಹಳ್ಳಿಯಲ್ಲಿರಿ, ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಯಲ್ಲಿರಿ, ಉತ್ತರ ಬಹುಶಃ ಒಂದೇ: ನಾಯಿ. ಅದು ನಿಮ್ಮದೇ ಆಗಬೇಕೆಂದಿಲ್ಲ. ಎದುರು ಮನೆಯದಾಗಿರಬಹುದು, ಯಾರದೂ ಅಲ್ಲದ ಬೀದಿ ನಾಯಿಯಾಗಿರಬಹುದು. ನಿಮ್ಮ ಚೀಲದಲ್ಲಿ ಬಿಸ್ಕತ್ತಿದೆಯೋ ಇಲ್ಲವೋ ಎಂಬುದು ಅದಕ್ಕೆ ನಿಮಗಿಂತ ಮೊದಲೇ ಗೊತ್ತು.

ನಮ್ಮ ಚರ್ಚಾ ಕಾರ್ಯಕ್ರಮಕ್ಕಾಗಿ ಕ್ಯಾಮೆರಾ ಹಿಡಿದು ಈ ನಾಲ್ಕು ಊರುಗಳನ್ನು ಸುತ್ತಿ ಬಂದೆವು. ಅರಕಲಗೂಡಿನ ಆಲೂಗೆಡ್ಡೆ ಹೊಲದ ಬದುವಿನಲ್ಲಿ ಯಜಮಾನನ ಬುತ್ತಿ ಕಾಯುತ್ತ ಕುಳಿತ ನಾಯಿ ಕಂಡಿತು. ಚನ್ನರಾಯಪಟ್ಟಣದ ಕಡೆ ತೋಟದ ಮನೆಯೊಂದರಲ್ಲಿ ಕತ್ತಲಾಗುವ ಮೊದಲೇ ನಾಯಿಯನ್ನು ಒಳಗೆ ಕೂಡುತ್ತಿದ್ದರು. ಚಿರತೆಯ ಭಯ. ಮನೆ ಕಾಯಲೆಂದು ಸಾಕಿದ ನಾಯಿಯನ್ನು ಮನೆಯವರೇ ಕಾಯುವ ಪರಿಸ್ಥಿತಿ! ಹಾಸನದ ಬಸ್ ನಿಲ್ದಾಣದ ಬಳಿ ಬೀದಿ ನಾಯಿಗಳಿಗೆ ಊಟ ಹಾಕುವವರೂ ಸಿಕ್ಕರು, ಅದೇ ನಾಯಿಗಳಿಗೆ ಹೆದರಿ ಸುತ್ತು ಬಳಸಿ ನಡೆಯುವವರೂ ಸಿಕ್ಕರು. ಹೊಳೆನರಸೀಪುರಕ್ಕೆ ಬಂದಾಗ ಮಾತ್ರ ನನಗೆ ನನ್ನದೇ ಕಥೆ ನೆನಪಾಯಿತು. ಅದನ್ನು ಕ್ಯಾಮೆರಾದ ಮುಂದೆ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಆಗ ನನಗೆ ಹತ್ತು ವರ್ಷ. ಆ ಊರಿನಲ್ಲೇ ಇದ್ದೆವು. ಅಣ್ಣ ಸಂತೆಯಿಂದ ಬರುವಾಗ ದಾರಿಯಲ್ಲಿ ಸಿಕ್ಕ ಕಪ್ಪು ಮರಿಯೊಂದನ್ನು ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದ. ಕರಿಯ ಎಂದು ಹೆಸರಿಟ್ಟೆವು. ಅಪ್ಪ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: ಯಾರನ್ನಾದರೂ ಕಚ್ಚಿದರೆ ಅದೇ ದಿನ ಹೊಳೆಯಾಚೆ ಬಿಟ್ಟು ಬರುವುದು. ಒಂದು ಸಂಜೆ ಆಟವಾಡುತ್ತಿದ್ದಾಗ ಕರಿಯನ ಹಲ್ಲು ನನ್ನ ಬೆರಳಿಗೆ ತಾಗಿತು. ಚಿಕ್ಕ ಗೀರು, ಸಾಸಿವೆ ಕಾಳಿನಷ್ಟು ರಕ್ತ. ನಾನು ಬೆರಳನ್ನು ಜೇಬಿಗೆ ಸೇರಿಸಿಬಿಟ್ಟೆ. ಹೇಳಿದರೆ ಕರಿಯ ಹೋಗುತ್ತಾನೆ ಎಂಬುದು ಒಂದು ಭಯ. ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಎಂದು ಶಾಲೆಯಲ್ಲಿ ಕೇಳಿದ್ದುದು ಇನ್ನೊಂದು ಭಯ.

ಆರನೆಯ ದಿನ ಕರಿಯ ಊಟ ಬಿಟ್ಟ. ಸೌದೆ ರಾಶಿಯ ಹಿಂದೆ ಹೋಗಿ ಮಲಗಿದ. ಮರುದಿನ ಬೆಳಿಗ್ಗೆ ಏಳಲಿಲ್ಲ. ಆಗ ಅಳುತ್ತ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಬೈಯಲಿಲ್ಲ. ಮುಖ ಮಾತ್ರ ಬಿಳುಚಿತು. ಮೊದಲ ಬಸ್ಸಿಗೇ ಆಸ್ಪತ್ರೆಗೆ ಕರೆದೊಯ್ದಳು. ಮರಿ ಜಂತುಹುಳುವಿನಿಂದ ಸತ್ತಿರಬಹುದು, ಬೇರೆ ಯಾವುದೋ ಸೋಂಕಿನಿಂದಲೂ ಇರಬಹುದು. ಆದರೆ ಅದು ತಿಳಿಯುವ ದಾರಿ ಇರಲಿಲ್ಲವಾದ್ದರಿಂದ ವೈದ್ಯರು ಪೂರ್ತಿ ಚುಚ್ಚುಮದ್ದು ಕೊಡಿಸಿದರು. ನಾನು ಉಳಿದೆ, ಇಂದು ಇದನ್ನು ಬರೆಯುತ್ತಿದ್ದೇನೆ. ಆ ಆರು ದಿನಗಳ ಮೌನ ಎಷ್ಟು ಅಪಾಯದ್ದಾಗಿತ್ತು ಎಂಬುದು ಮಾತ್ರ ನನಗೆ ಅರ್ಥವಾದದ್ದು ಕಾಲೇಜಿನಲ್ಲಿ ವಿಜ್ಞಾನ ಓದಿದಾಗ.

ಗಾಯದಿಂದ ಮಿದುಳಿಗೆ

ಹುಚ್ಚುನಾಯಿ ರೋಗ ಎಂದು ನಾವು ಕರೆಯುವ ರೇಬೀಸ್ ಒಂದು ವೈರಸ್ಸಿನಿಂದ ಬರುವ ರೋಗ. ಸೋಂಕು ತಗುಲಿದ ಪ್ರಾಣಿಯ ಜೊಲ್ಲಿನಲ್ಲಿ ಈ ವೈರಸ್ ಇರುತ್ತದೆ. ಕಚ್ಚಿದಾಗ, ಪರಚಿದಾಗ, ಅಥವಾ ತೆರೆದ ಗಾಯವನ್ನು ನೆಕ್ಕಿದಾಗ ಅದು ನಮ್ಮೊಳಗೆ ಇಳಿಯುತ್ತದೆ. ಇತರ ಅನೇಕ ರೋಗಾಣುಗಳಂತೆ ಅದು ರಕ್ತದಲ್ಲಿ ಹರಿದು ಹೋಗುವುದಿಲ್ಲ. ಮೊದಲು ಗಾಯದ ಬಳಿಯ ಸ್ನಾಯುವಿನಲ್ಲಿ ಸ್ವಲ್ಪ ಕಾಲ ತಂಗುತ್ತದೆ. ಬಳಿಕ ನರದ ತುದಿಯನ್ನು ಹಿಡಿದು ಮೆಲ್ಲಮೆಲ್ಲನೆ ಬೆನ್ನುಹುರಿಯತ್ತ, ಅಲ್ಲಿಂದ ಮಿದುಳಿನತ್ತ ಹೊರಡುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವರಲ್ಲಿ ಒಂದೇ ವಾರ ಸಾಕು, ಕೆಲವರಲ್ಲಿ ಒಂದು ವರ್ಷವೂ ಆಗುವುದುಂಟು. ಮುಖ, ತಲೆ, ಕತ್ತಿನ ಗಾಯವಾದರೆ ದಾರಿ ಹತ್ತಿರ, ಅಪಾಯ ಹೆಚ್ಚು.

ವೈರಸ್ ಮಿದುಳನ್ನು ಸೇರಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಸಾವು ಹೆಚ್ಚುಕಡಿಮೆ ಖಚಿತ. ಆದರೆ ಅದಕ್ಕೆ ಮೊದಲು ಸರಿಯಾದ ಚಿಕಿತ್ಸೆ ದೊರೆತರೆ ರೋಗವನ್ನು ತಡೆಯಬಹುದು. ಇದನ್ನು ಓಟದ ಪಂದ್ಯ ಎಂದುಕೊಳ್ಳಿ. ಒಂದು ಕಡೆ ವೈರಸ್ ನರದ ದಾರಿಯಲ್ಲಿ ತೆವಳುತ್ತಿದೆ. ಇನ್ನೊಂದು ಕಡೆ ಲಸಿಕೆ ನಿಮ್ಮ ದೇಹಕ್ಕೆ ಪ್ರತಿರೋಧದ ಕಣಗಳನ್ನು ತಯಾರಿಸಲು ಕಲಿಸುತ್ತಿದೆ. ಮೊದಲು ಮುಟ್ಟಿದವರು ಗೆಲ್ಲುತ್ತಾರೆ. ನಾನು ಬೆರಳನ್ನು ಜೇಬಿನಲ್ಲಿಟ್ಟುಕೊಂಡಿದ್ದ ಆರು ದಿನ ವೈರಸ್ಸಿಗೆ ಬಿಟ್ಟುಕೊಟ್ಟ ಆರು ದಿನ. ಅಲ್ಲಿ ವೈರಸ್ ಇದ್ದಿದ್ದರೆ?

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ರೇಬೀಸ್‌ನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರತದಲ್ಲಿ. ರೋಗದ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 40 ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಮಕ್ಕಳು ನಾಯಿಯೊಡನೆ ಹೆಚ್ಚು ಆಡುತ್ತಾರೆ. ಅವರ ಎತ್ತರಕ್ಕೆ ನಾಯಿಯ ಬಾಯಿ ಮುಖಕ್ಕೇ ಎಟುಕುತ್ತದೆ. ಜೊತೆಗೆ ಅವರು ಕಚ್ಚಿದ್ದನ್ನು ಮನೆಯಲ್ಲಿ ಹೇಳುವುದಿಲ್ಲ. ಈ ಕೊನೆಯ ಮಾತನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.

ಹದಿನಾಲ್ಕು ಸೂಜಿಯ ಭಯ ಈಗ ಏಕೆ ಬೇಡ?

1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್, ನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ತನ್ನ ಲಸಿಕೆ ಕೊಡಿಸಲು ಆರಂಭಿಸಿದ. ಹುಡುಗ ಬದುಕಿದ. ನಮ್ಮ ದಕ್ಷಿಣ ಭಾರತಕ್ಕಾಗಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ 1907ರಲ್ಲಿ ಆರಂಭವಾಯಿತು. ಬಳಿಕ ಭಾರತದಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದುದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆ. ಅದನ್ನು ಪ್ರತಿದಿನ ಹೊಟ್ಟೆಗೆ ಚುಚ್ಚಬೇಕಿತ್ತು. ನೋವು ಹೆಚ್ಚು, ಕೆಲವರಲ್ಲಿ ನರಗಳಿಗೆ ತೊಂದರೆಯೂ ಆಗುತ್ತಿತ್ತು. ನಮ್ಮ ದೇಶದಲ್ಲಿ 2005ರ ಹೊತ್ತಿಗೆ ಅದನ್ನು ಕೈಬಿಡಲಾಯಿತು.

ಈಗಿನ ಲಸಿಕೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಚುಚ್ಚುವುದು ತೋಳಿಗೆ, ಹೊಟ್ಟೆಗಲ್ಲ. ಚರ್ಮದ ಪದರದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ ಹೋಗಬೇಕು. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಒಂದು ಸೇರುತ್ತದೆ. ರಕ್ತ ಬಂದ ಆಳದ ಗಾಯವಾದರೆ ಗಾಯದ ಸುತ್ತಲೇ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿರೋಧದ ಮದ್ದನ್ನೂ ಕೊಡುತ್ತಾರೆ. ಲಸಿಕೆ ಕೆಲಸ ಆರಂಭಿಸಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಬಾಗಿಲು ಕಾಯುವುದು ಇದರ ಕೆಲಸ. ಎರಡು ಚುಚ್ಚುಮದ್ದಾದ ಮೇಲೆ ಗಾಯ ಒಣಗಿತೆಂದು ನಿಲ್ಲಿಸಬೇಡಿ. ಒಣಗಿದ್ದು ಚರ್ಮ, ಓಟ ಇನ್ನೂ ಮುಗಿದಿಲ್ಲ.

ಆಸ್ಪತ್ರೆಗೆ ಹೊರಡುವ ಮೊದಲು ನೀವೇ ಮಾಡಬಹುದಾದ ಅತ್ಯಂತ ದೊಡ್ಡ ಕೆಲಸ ಒಂದಿದೆ. ಹರಿಯುವ ನೀರಿನಡಿ ಸೋಪು ಹಚ್ಚಿ ಗಾಯವನ್ನು ಹದಿನೈದು ನಿಮಿಷ ತೊಳೆಯಿರಿ. ಈ ವೈರಸ್ಸಿನ ಹೊರಗವಚದಲ್ಲಿ ಕೊಬ್ಬಿನ ಅಂಶವಿದೆ. ಎಣ್ಣೆ ಪಾತ್ರೆಯ ಜಿಡ್ಡನ್ನು ಸೋಪು ಹೇಗೆ ಬಿಡಿಸುತ್ತದೋ ಹಾಗೆಯೇ ಆ ಕವಚವನ್ನೂ ಒಡೆಯುತ್ತದೆ. ಹದಿನೈದು ನಿಮಿಷ ಎಂದರೆ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ. ಸುಣ್ಣ, ಅರಿಶಿನ, ಮೆಣಸಿನ ಪುಡಿ, ಕಾಫಿ ಪುಡಿ ಯಾವುದನ್ನೂ ಮೆತ್ತಬೇಡಿ. ಅವು ಗಾಯವನ್ನು ಕೆರಳಿಸುತ್ತವೆಯೇ ಹೊರತು ವೈರಸ್ಸನ್ನು ಕೊಲ್ಲುವುದಿಲ್ಲ.

ನಾಯಿ ಏನು ಹೇಳುತ್ತಿದೆ?

ಇಷ್ಟು ಓದಿ ನಾಯಿಯೇ ಬೇಡ ಎಂದುಕೊಳ್ಳಬೇಡಿ. ನಾಯಿಯ ಗೆಳೆತನ ನಮ್ಮ ನೆಲಕ್ಕೆ ಹೊಸದಲ್ಲ. ಪಕ್ಕದ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಒಂದು ನಾಯಿಗಾಗಿ ಕಲ್ಲು ನಿಲ್ಲಿಸಿದ್ದರು. ನಾಯಿಯ ಹೆಸರು ಕಾಳಿ. ಅದನ್ನು ಮಣಲೇರ ಎಂಬ ವೀರ ತನ್ನ ದೊರೆಯಿಂದ ಕೇಳಿ ಪಡೆದಿದ್ದ. ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನೆಡಿಸಿ, ಭೂಮಿಯನ್ನೂ ದಾನ ಕೊಟ್ಟರು. ಸುಮಾರು ಕ್ರಿ.ಶ. 949ರ ಆ ಶಾಸನವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಹಂದಿ ಮತ್ತು ನಾಯಿ ಕಾದಾಡುವ ಚಿತ್ರವೂ ಅದರ ಮೇಲಿದೆ.

ಅಷ್ಟು ಹಳೆಯ ಗೆಳೆಯನ ಭಾಷೆಯನ್ನು ನಾವು ಇನ್ನೂ ಸರಿಯಾಗಿ ಕಲಿತಿಲ್ಲ. ಬಾಲ ಅಲ್ಲಾಡಿಸಿತೆಂದರೆ ಸ್ನೇಹ ಎಂದು ನಂಬುತ್ತೇವೆ. ಮೈ ಸಡಿಲವಾಗಿ, ಸೊಂಟವೂ ಸೇರಿ ಅಲುಗಿದರೆ ಅದು ಸ್ನೇಹ. ಮೈ ಬಿಗಿದು, ಬಾಲವನ್ನು ನೆಟ್ಟಗೆ ಎತ್ತಿ ಚಿಕ್ಕದಾಗಿ ಅಲುಗಿಸಿದರೆ ಅದು ಎಚ್ಚರಿಕೆ. ಕಿವಿ ಹಿಂದಕ್ಕೆ ಒತ್ತಿ, ಮುಖ ತಿರುಗಿಸಿ, ತುಟಿ ನೆಕ್ಕಿಕೊಂಡರೆ ನನ್ನನ್ನು ಬಿಟ್ಟುಬಿಡಿ ಎಂದರ್ಥ. ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ತಾಯಿ, ಕಟ್ಟಿಹಾಕಿದ ನಾಯಿ, ಈ ನಾಲ್ಕನ್ನು ಮುಟ್ಟಲು ಹೋಗಬೇಡಿ. ಬೀದಿ ನಾಯಿ ಬೊಗಳುತ್ತ ಬಂದರೆ ಓಡಬೇಡಿ. ಓಡುವುದನ್ನು ಅಟ್ಟುವುದು ಅದರ ಹುಟ್ಟುಗುಣ. ಕೈ ಮೈಗೆ ಸೇರಿಸಿ, ಮರದಂತೆ ನಿಂತು, ಕಣ್ಣಿಗೆ ಕಣ್ಣು ಕೊಡದೆ ನೆಲ ನೋಡಿ. ಸೈಕಲ್ಲಿನಲ್ಲಿದ್ದರೆ ವೇಗ ಇಳಿಸಿ.

ಅದರ ಕಷ್ಟವನ್ನೂ ತಿಳಿದುಕೊಳ್ಳಿ. ನಮ್ಮ ಕಿವಿಗೆ ಕಂಪನದ ಮಿತಿ ಸೆಕೆಂಡಿಗೆ ಸುಮಾರು 20,000. ನಾಯಿ ಅದರ ಎರಡು ಪಟ್ಟು ಕೇಳಬಲ್ಲದು. ದೀಪಾವಳಿಯ ಪಟಾಕಿಗೆ ಅದು ಮಂಚದಡಿ ನಡುಗುವುದು ಹೇಡಿತನದಿಂದಲ್ಲ. ಅದಕ್ಕೆ ಬೆವರು ಬರುವುದು ಮುಖ್ಯವಾಗಿ ಅಂಗಾಲಿನಲ್ಲಿ ಮಾತ್ರ. ಆದ್ದರಿಂದ ಬೇಸಿಗೆಯಲ್ಲಿ ನಾಲಿಗೆ ಚಾಚಿ ತೇಕುತ್ತ ಮೈ ತಂಪು ಮಾಡಿಕೊಳ್ಳುತ್ತದೆ. ನಮ್ಮ ಊಟದ ಈರುಳ್ಳಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ನೀವು ಪ್ರೀತಿಯಿಂದ ಕೊಡುವ ಚಾಕೊಲೇಟು ಅದಕ್ಕೆ ವಿಷ.

ಗೀರು ಬಿದ್ದರೆ ನಾಯಿ ಹೋಗಬೇಕೆ?

ನನ್ನ ಬೆರಳು ಜೇಬಿಗೆ ಹೋದದ್ದು ಈ ಪ್ರಶ್ನೆಯಿಂದ. ಉತ್ತರ: ಹೋಗಬೇಕಾಗಿಲ್ಲ. ಕಚ್ಚಿದ ನಾಯಿಯನ್ನು ಹೊಡೆಯಬಾರದು, ಓಡಿಸಲೂಬಾರದು. ಹತ್ತು ದಿನ ಅದನ್ನು ಕಣ್ಣೆದುರಿನಲ್ಲೇ ಇಟ್ಟುಕೊಂಡು ಗಮನಿಸಬೇಕು. ಜೊಲ್ಲಿನಲ್ಲಿ ವೈರಸ್ ಇರುವ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ಕಳೆದೂ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರಿಂದ ರೇಬೀಸ್ ಅಂಟಿರಲಾರದು. ಆದರೆ ಆ ಹತ್ತು ದಿನ ಕಾದು ನಂತರ ಆಸ್ಪತ್ರೆಗೆ ಹೋಗುವುದಲ್ಲ. ಚಿಕಿತ್ಸೆ ಮೊದಲ ದಿನವೇ ಆರಂಭವಾಗಬೇಕು. ನಿಲ್ಲಿಸುವುದೋ ಮುಂದುವರಿಸುವುದೋ ವೈದ್ಯರಿಗೆ ಬಿಟ್ಟದ್ದು. ಹೊಳೆಯಾಚೆ ಬಿಟ್ಟು ಬಂದ ನಾಯಿಯನ್ನು ಗಮನಿಸುವವರು ಯಾರು? ಅಪ್ಪನ ಷರತ್ತು ನನಗೂ ಕೆಟ್ಟದ್ದು, ಕರಿಯನಿಗೂ ಕೆಟ್ಟದ್ದು.

ಮರಿ ಚಿಕ್ಕದು, ಅದಕ್ಕೆಲ್ಲಿಯ ರೇಬೀಸ್ ಎಂದು ಹೇಳುವವರನ್ನು ಕೇಳಿರಬಹುದು. ಮರಿಗೂ ಬರುತ್ತದೆ. ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ನಂತರ ಪಶುವೈದ್ಯರು ಹೇಳಿದ ದಿನ ಇನ್ನೊಂದು, ಆಮೇಲೆ ವರ್ಷಕ್ಕೊಂದು ಹಾಕಿಸಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ತಾಲ್ಲೂಕು ಕೇಂದ್ರಗಳಲ್ಲಿ ಪಶು ಆಸ್ಪತ್ರೆಗಳಿವೆ.

ಬೀದಿ ನಾಯಿಗಳ ಮಾತೇನು? ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕುವ ಕ್ರಮಕ್ಕೆ 2001ರಲ್ಲಿ, ಬಳಿಕ 2023ರಲ್ಲಿ ಕೇಂದ್ರ ಸರ್ಕಾರ ನಿಯಮ ರೂಪಿಸಿತು. ಕಿವಿಯ ತುದಿ ಕತ್ತರಿಸಿದ ಬೀದಿ ನಾಯಿಯನ್ನು ಕಂಡರೆ ಅದು ಈ ಕೆಲಸ ಆಗಿದೆ ಎಂಬುದರ ಗುರುತು. ನಿಮ್ಮ ಬೀದಿಯಲ್ಲಿ ಅಂಥವು ಎಷ್ಟಿವೆ ಎಂದು ದೂರದಿಂದಲೇ ಎಣಿಸಿ ನೋಡಿ. ಒಂದೂ ಇಲ್ಲದಿದ್ದರೆ ನಿಮ್ಮ ಪುರಸಭೆಗೋ ಪಂಚಾಯಿತಿಗೋ ಒಂದು ಪತ್ರ ಬರೆಯಿರಿ. ವಿಜ್ಞಾನ ಸಂಘದ ಕೆಲಸವೆಂದರೆ ಇದೂ ಹೌದು.

ಸೆಪ್ಟೆಂಬರ್ 28 ಪಾಶ್ಚರ್ ತೀರಿಕೊಂಡ ದಿನ. ಅದನ್ನೇ ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಅಲ್ಲಿಯವರೆಗೆ ಕಾಯಬೇಡಿ. ಇಂದು ಸಂಜೆ ಮನೆಗೆ ಹೋದಾಗ ಎರಡು ಕೆಲಸ ಮಾಡಿ. ನಿಮ್ಮ ನಾಯಿಯ ಲಸಿಕೆ ಚೀಟಿ ಎಲ್ಲಿದೆ, ಯಾವ ದಿನಾಂಕ ಬರೆದಿದೆ ನೋಡಿ. ಬಳಿಕ ನಿಮ್ಮ ತಮ್ಮನನ್ನೋ ತಂಗಿಯನ್ನೋ ಹತ್ತಿರ ಕೂರಿಸಿಕೊಂಡು, ನಾಯಿ ಯಾವಾಗಲಾದರೂ ಪರಚಿತ್ತೇ ಎಂದು ಮೆಲ್ಲಗೆ ಕೇಳಿ. ಕೇಳುವ ಮೊದಲೇ ಒಂದು ಮಾತು ಕೊಡಿ: ನಿನ್ನನ್ನು ಯಾರೂ ಬೈಯುವುದಿಲ್ಲ, ನಾಯಿಯನ್ನು ಯಾರೂ ಹೊಳೆಯಾಚೆ ಬಿಡುವುದಿಲ್ಲ.