ಗಾಲ್ಫ್ ಅಂಗಳದ ಹ್ಯಾಂಡಿಕ್ಯಾಪ್: ರಿಯಾಯಿತಿಯಲ್ಲ, ನ್ಯಾಯದ ಲೆಕ್ಕ

ಸಾಂಗಲಿ-ಮಿರಜ ಭಾಗದ ಕನ್ನಡಿಗರಿಗೆ ಕ್ರೀಡೆಯೆಂದರೆ ಮೊದಲು ನೆನಪಾಗುವುದು ಕುಸ್ತಿಯ ಕಣ, ಕಬಡ್ಡಿ ಮತ್ತು ಕ್ರಿಕೆಟ್. ಭಾರತ ಕ್ರಿಕೆಟ್ ತಂಡದ ನಾಯಕರಾಗಿದ್ದ ವಿಜಯ ಹಜಾರೆ ಜನಿಸಿದ್ದು ಸಾಂಗಲಿಯಲ್ಲಿಯೇ. ಗಾಲ್ಫನ್ನು ಮಾತ್ರ ನಾವು ಸಿರಿವಂತರ ಆಟವೆಂದು ದೂರವಿಟ್ಟಿದ್ದೇವೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೂ ಹವ್ಯಾಸಿ ಗಾಲ್ಫ್ ಸ್ಪರ್ಧೆಗಳಲ್ಲಿ ಬಳಕೆಯಲ್ಲಿರುವ ಒಂದು ಪದ್ಧತಿಯನ್ನು ಗಡಿಭಾಗದ ಶಿಕ್ಷಕರು ಮತ್ತು ಪಾಲಕರು ಅವಶ್ಯವಾಗಿ ತಿಳಿಯಬೇಕಾಗಿದೆ.

ಸ್ಕಾಟ್ಲೆಂಡಿನಲ್ಲಿ ಬೆಳೆದ ಈ ಆಟ ಬ್ರಿಟಿಷರೊಡನೆ ಭಾರತಕ್ಕೆ ಬಂದಿತು. ಕೋಲ್ಕತ್ತದ ಗಾಲ್ಫ್ ಕ್ಲಬ್ 1829ರಲ್ಲಿ, ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾದವು. ಕಡಲತೀರದ ಮರಳುದಿಬ್ಬಗಳ ಮೇಲಿನ ಮೈದಾನಗಳಿಗೆ ‘ಲಿಂಕ್ಸ್’ ಎಂದೂ, ಒಳನಾಡಿನಲ್ಲಿ ಮರಗಳ ನಡುವೆ ಹುಲ್ಲು ಬೆಳೆಸಿ ಉದ್ಯಾನದಂತೆ ರೂಪಿಸಿದ ಮೈದಾನಗಳಿಗೆ ‘ಪಾರ್ಕ್‌ಲ್ಯಾಂಡ್’ ಎಂದೂ ಹೆಸರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಅದಿತಿ ಅಶೋಕ್ ಬೆಂಗಳೂರಿನವರು. 2009ರ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಅದೇ ನಗರದಲ್ಲಿ ಒಂದು ಕಾಲಕ್ಕೆ ಇತರರ ಗಾಲ್ಫ್ ಚೀಲ ಹೊರುತ್ತಿದ್ದ ಕ್ಯಾಡಿಯಾಗಿದ್ದರು.

ಆಟದ ತತ್ವ ಸರಳ. ಮೈದಾನದಲ್ಲಿ 18 ಕುಳಿಗಳಿರುತ್ತವೆ. ಅತಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಅವುಗಳಿಗೆ ಸೇರಿಸಿದವರು ಗೆಲ್ಲುತ್ತಾರೆ. ನುರಿತ ಆಟಗಾರನಿಗೆ ಪ್ರತಿ ಕುಳಿಗೂ ಬೇಕಾಗುವ ಹೊಡೆತಗಳ ಸಂಖ್ಯೆಯನ್ನು ‘ಪಾರ್’ ಎನ್ನುತ್ತಾರೆ. ಹದಿನೆಂಟಕ್ಕೂ ಸೇರಿ ಅದು ಸಾಮಾನ್ಯವಾಗಿ 72.

ಕುಸ್ತಿಯಲ್ಲಿ ಸಮಬಲರನ್ನು ನೋಡಿ ಜೋಡಿ ಹಚ್ಚುತ್ತಾರೆ. ಹವ್ಯಾಸಿ ಗಾಲ್ಫ್‌ನಲ್ಲಿ ಹಾಗಲ್ಲ. ಪಳಗಿದವನೂ ಹೊಸಬನೂ ಜೊತೆಯಾಗಿ ಆಡಬಹುದು. ಇದನ್ನು ಸಾಧ್ಯವಾಗಿಸುವುದೇ ಹ್ಯಾಂಡಿಕ್ಯಾಪ್. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಂತೆ, ಆಟಗಾರನ ಇತ್ತೀಚಿನ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯಿಂದ ಅವನ ಸೂಚ್ಯಂಕ ನಿರ್ಧಾರವಾಗುತ್ತದೆ. ಅದರ ಗರಿಷ್ಠ ಮಿತಿ 54. ಸರಳ ಉದಾಹರಣೆ ನೋಡೋಣ: ಹೊಸಬನು 90 ಹೊಡೆತಗಳಲ್ಲಿ ಆಟ ಮುಗಿಸಿದ, ಅವನ ಹ್ಯಾಂಡಿಕ್ಯಾಪ್ 18, ನಿವ್ವಳ 72. ಪಳಗಿದವನು 78ರಲ್ಲಿ ಮುಗಿಸಿದ. ಹ್ಯಾಂಡಿಕ್ಯಾಪ್ 5, ನಿವ್ವಳ 73. ಗೆದ್ದವನು ಹೊಸಬ. ಆ ದಿನ ತನ್ನ ಶಕ್ತಿಗೆ ತಕ್ಕಂತೆ ಹೆಚ್ಚು ಚೆನ್ನಾಗಿ ಆಡಿದವನು ಅವನೇ.

ಈ ಪದ್ಧತಿ ಮೈದಾನವನ್ನೂ ಅಳೆಯುತ್ತದೆ. ಸಾಮಾನ್ಯ ಆಟಗಾರನಿಗೆ ಒಂದು ಮೈದಾನ ಎಷ್ಟು ಹೆಚ್ಚು ಕಠಿಣವೆಂಬುದನ್ನು ತೋರುವ ‘ಸ್ಲೋಪ್’ ಅಂಕ 55ರಿಂದ 155ರವರೆಗೆ ಇರುತ್ತದೆ; ಪ್ರಮಾಣ ಅಂಕ 113. ಸೂಚ್ಯಂಕ 18 ಇರುವವನು 113ರ ಮೈದಾನದಲ್ಲಿ 18 ಹೊಡೆತಗಳ ಹೊಂದಾಣಿಕೆ ಪಡೆದರೆ, 130ರ ಮೈದಾನದಲ್ಲಿ ಸುಮಾರು 21 ಪಡೆಯುತ್ತಾನೆ. ಆಟಗಾರ ಬದಲಾಗಿಲ್ಲ, ಅವನ ಮುಂದಿನ ನೆಲ ಬದಲಾಗಿದೆ. ಆದುದರಿಂದ ಲೆಕ್ಕವೂ ಬದಲಾಗುತ್ತದೆ.

ಇದೆಲ್ಲವೂ ನಿಂತಿರುವುದು ಪ್ರಾಮಾಣಿಕತೆಯ ಮೇಲೆ. ಜೊತೆಯಲ್ಲಿ ಆಡುವವರು ಪರಸ್ಪರರ ಅಂಕ ಬರೆದು, ಇಬ್ಬರೂ ಸಹಿ ಹಾಕುತ್ತಾರೆ. 1968ರ ಮಾಸ್ಟರ್ಸ್ ಪಂದ್ಯದಲ್ಲಿ ಅರ್ಜೆಂಟೀನಾದ ರೊಬರ್ಟೊ ಡಿ ವಿಸೆಂಜೊ, ಜೊತೆಗಾರನು ಒಂದು ಹೊಡೆತ ಹೆಚ್ಚಾಗಿ ಬರೆದಿದ್ದ ಪಟ್ಟಿಗೆ ನೋಡದೆ ಸಹಿ ಹಾಕಿ, ಪ್ರಶಸ್ತಿಗಾಗಿ ಮತ್ತೆ ಸೆಣಸುವ ಅವಕಾಶವನ್ನೇ ಕಳೆದುಕೊಂಡರು. ಬೇಕೆಂದೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಹೆಚ್ಚಿಸಿಕೊಳ್ಳುವುದನ್ನು ಗಾಲ್ಫ್ ಲೋಕ ವಂಚನೆಯೆಂದೇ ಎಣಿಸುತ್ತದೆ.

ಈಗ ನಮ್ಮ ಶಾಲೆಗಳತ್ತ ನೋಡೋಣ. ಮನೆಯಲ್ಲಿ ಕನ್ನಡ ಮಾತನಾಡುವ ಜತ್ತ ತಾಲ್ಲೂಕಿನ ಮಗು, ಬೇರೊಂದು ಭಾಷೆಯ ಪ್ರಶ್ನೆಪತ್ರಿಕೆಯನ್ನು ಎದುರಿಸುವಾಗ ಗಣಿತಕ್ಕಿಂತ ಮೊದಲು ವಾಕ್ಯವನ್ನು ಬಿಡಿಸಬೇಕಾಗುತ್ತದೆ. ಎಲ್ಲರಿಗೂ ಪ್ರಶ್ನೆ ಒಂದೇ. ನೆಲ ಮಾತ್ರ ಒಂದೇ ಅಲ್ಲ. ಅಂಕ ಕಡಿಮೆಯಾದಾಗ ನಾವು ಮಗುವನ್ನು ದಡ್ಡನೆಂದು ಕರೆಯುತ್ತೇವೆ, ಮೈದಾನವನ್ನು ಅಳೆಯುವುದಿಲ್ಲ.

ಸಂವಿಧಾನವು ಈ ಅಳತೆಯನ್ನು ಎಂದೋ ಮಾಡಿದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಕನ್ನಡ ಬಲ್ಲ ಶಿಕ್ಷಕರನ್ನು, ಕನ್ನಡ ಪಠ್ಯಪುಸ್ತಕಗಳನ್ನು, ಕನ್ನಡದ ಪ್ರಶ್ನೆಪತ್ರಿಕೆಯನ್ನು ಕೇಳುವಾಗ ನಾವು ಭಿಕ್ಷೆ ಬೇಡುತ್ತಿಲ್ಲ. ಲೆಕ್ಕ ಸರಿಪಡಿಸಲು ಹೇಳುತ್ತಿದ್ದೇವೆ. ನಮ್ಮ ಕಡೆಯಿಂದಲೂ ಪ್ರಾಮಾಣಿಕತೆ ಬೇಕು: ಮಕ್ಕಳನ್ನು ಕನ್ನಡ ಶಾಲೆಗೆ ದಾಖಲಿಸಿ, ಮರಾಠಿಯನ್ನೂ ಇಂಗ್ಲಿಷನ್ನೂ ಶ್ರದ್ಧೆಯಿಂದ ಕಲಿಸಬೇಕು. ಆಟವನ್ನು ಮಕ್ಕಳೇ ಆಡುತ್ತಾರೆ. ನೆಲವನ್ನು ಅಳೆದು ನ್ಯಾಯವಾದ ಪಟ್ಟಿ ಬರೆಯುವುದು ಹಿರಿಯರ ಹೊಣೆ.