ರೋಗಿಯ ಮಗ್ಗುಲಲ್ಲಿ ಕಲಿತದ್ದು

ನಾಲ್ಕು ವರ್ಷಗಳ ಹಿಂದಿನ ಮಾತು. ನಮ್ಮ ಓಣಿಯ ಗೃಹಸ್ಥರೊಬ್ಬರು ಒಂದು ಸಾಯಂಕಾಲ ಮನೆಗೆ ಬಂದವರೇ, ಕುಳಿತುಕೊಳ್ಳುವ ಮೊದಲೇ, "ಗುರುಗಳ, ಮಗಳನ್ನ ಕರಕೊಂಡು ಬಂದುಬಿಡ್ತೀನ್ರೀ. ಆ ಕೆಲಸ ನಮ್ಮ ಮನಿತನಕ್ಕ ಒಗ್ಗೂದಿಲ್ಲ" ಎಂದರು. ಮಗಳು ಪಿ.ಯು.ಸಿ. ಮುಗಿಸಿ, ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಶಿಕ್ಷಣಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ವಾರ್ಡಿಗೆ ಕಳುಹಿಸಿದ ಮೊದಲ ವಾರದಲ್ಲಿಯೇ, ಬಹುಕಾಲದಿಂದ ಹಾಸಿಗೆ ಹಿಡಿದಿದ್ದ ವೃದ್ಧೆಯೊಬ್ಬಳ ಬೆನ್ನಿನ ಹುಣ್ಣನ್ನು ಕಂಡು ಊಟ ಬಿಟ್ಟಿದ್ದಳಂತೆ. ರಾತ್ರಿ ಫೋನಿನಲ್ಲಿ ಅತ್ತಿದ್ದಳಂತೆ. ತಂದೆಯ ಮಾತಿನಲ್ಲಾದರೋ ಮಗಳ ಅಳುವಿಗಿಂತ ಮಲಮೂತ್ರ, ಮೈಲಿಗೆಗಳ ಪ್ರಸ್ತಾಪವೇ ಹೆಚ್ಚಾಗಿತ್ತು. ಸೂತಕವನ್ನೇ ಒಪ್ಪದ ಪರಂಪರೆಯವರು ನಾವು! ಆದರೂ ನಾನು ಅವರನ್ನು ತಿದ್ದಲಿಲ್ಲ. "ದೀಪಾವಳಿಯವರೆಗೆ ತಾಳಿರಿ" ಎಂದು ಹೇಳಿ ಕಳುಹಿಸಿದೆ. ನನ್ನ ಮನೆಯ ಮಗುವೇ ಆಗಿದ್ದರೆ ನಾನೂ ಕರೆತರಲು ಹೊರಡುತ್ತಿದ್ದೆನೋ ಏನೋ.

ಈ ಸಂಕೋಚ ನಮ್ಮ ನಾಡಿನದಷ್ಟೇ ಅಲ್ಲ. ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್ ಅವರ ಸಿರಿವಂತ ಮನೆತನವೂ ಆಕೆ ರೋಗಿಗಳ ಸೇವೆಗೆ ಹೋಗುವುದನ್ನು ವರ್ಷಗಟ್ಟಲೆ ತಡೆದಿತ್ತು. 1820ರಲ್ಲಿ ಜನಿಸಿದ ಆಕೆಗೆ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳ ತರಬೇತಿ ಲಭಿಸಿದ್ದು 1851ರಲ್ಲಿ, ವಯಸ್ಸು ಮೂವತ್ತು ದಾಟಿದ ಮೇಲೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ 1860ರಲ್ಲಿ ಆರಂಭವಾಯಿತು. ವಾರ್ಡಿನಲ್ಲಿ ದುಡಿಯುತ್ತಲೇ ಕಲಿಯುವುದು ಅಲ್ಲಿನ ಕ್ರಮವಾಗಿತ್ತು.

ದೀಪಾವಳಿಗೆ ಹುಡುಗಿ ಊರಿಗೆ ಬಂದಳು. ಮರಳಿ ಹೋಗುವೆಯಾ ಎಂದು ಕೇಳಿದೆ. ಆಕೆ ಹೇಳಿದ್ದು ಇಷ್ಟು: "ಆ ಅಮ್ಮ ನನ್ನ ಹೆಸರು ಕೇಳಿದ್ಲು, ಅಜ್ಜಾರ. ನಾ ಅಲ್ಲೀತನಕ ಹುಣ್ಣು ನೋಡಿದ್ದೆ, ಮುಖಾ ನೋಡಿರಲಿಲ್ಲ."

ಆಮೇಲೆ ಆಕೆಯೇ ವಿವರಿಸಿದಳು. ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಮೂಳೆ ಒತ್ತುವೆಡೆಯಲ್ಲಿ ರಕ್ತಸಂಚಾರ ಕುಂದಿ ಚರ್ಮ ಸಾಯುತ್ತದೆ. ಆದುದರಿಂದ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಾಸಿಗೆಯ ಬಟ್ಟೆಯಲ್ಲಿ ಸುಕ್ಕು, ತೇವ ಇರಕೂಡದು. ಎಂದರೆ ಆ ಹುಣ್ಣು ವೃದ್ಧೆಯ ಕರ್ಮವಲ್ಲ, ಹೊತ್ತಿಗೆ ಸರಿಯಾಗಿ ಯಾರದೋ ಕೈ ಬಾರದೆ ಹೋದದ್ದರ ಫಲ. ಇದನ್ನು ಅರಿತಂದು ಆಕೆಯ ಅಸಹ್ಯ ಸಿಟ್ಟಾಯಿತು. ಸಿಟ್ಟು ದಿನ ಕಳೆದಂತೆ ಕೆಲಸವಾಯಿತು. ನಾಡಿ ಎಣಿಸುವುದು, ಜ್ವರ ನೋಡುವುದು, ರೋಗಿಯಿಂದ ರೋಗಿಗೆ ಹೋಗುವಾಗ ಕೈ ತೊಳೆಯುವುದು, ಇವೆಲ್ಲ ಪುಸ್ತಕದಲ್ಲಿಯೂ ಇವೆ. ಮುಖ ನೋಡುವುದನ್ನು ಯಾವ ಬೊಂಬೆಯ ಮೇಲೆ ಅಭ್ಯಾಸ ಮಾಡಿಸಲಾದೀತು?

ಎರಡನೆಯ ವರ್ಷದ ಸಂಗತಿಯೊಂದನ್ನು ಹೇಳದಿರಲಾರೆ. ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರು. ಹುಡುಗಿ ಒಬ್ಬರ ಇಂಜೆಕ್ಷನ್ನನ್ನು ಇನ್ನೊಬ್ಬರ ಮಂಚದ ಬಳಿಗೆ ಒಯ್ದಿದ್ದಳು. ಮುಂಗೈಯ ಪಟ್ಟಿಯಲ್ಲಿದ್ದ ಸಂಖ್ಯೆಯನ್ನು ಕೊನೆಯ ಗಳಿಗೆಯಲ್ಲಿ ನೋಡಿ ಕೈ ಹಿಂದೆಗೆದಳು. ಯಾರೂ ಕಂಡಿರಲಿಲ್ಲ. ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಆಕೆ ನೇರವಾಗಿ ಹಿರಿಯ ಸಿಸ್ಟರ್ ಬಳಿಗೆ ಹೋಗಿ ಹೇಳಿದಳು. ಅವರು ಗದರಿಸಲಿಲ್ಲ, ನಡೆದುದನ್ನು ಬರೆಯಿಸಿಕೊಂಡು, ಆ ಇಬ್ಬರ ಮಂಚಗಳನ್ನು ದೂರ ದೂರ ಮಾಡಿಸಿದರಂತೆ. ಇದನ್ನು ಕೇಳಿದಾಗ ನನ್ನ ಮಠದ ವಿದ್ಯಾರ್ಥಿದೆಸೆ ನೆನಪಾಯಿತು. ಪಾಠ ಒಪ್ಪಿಸುವಾಗ ಒಂದು ಸಾಲು ತಪ್ಪಿದರೆ ಮುಂದಿನದನ್ನು ಎತ್ತರದ ದನಿಯಲ್ಲಿ ಹೇಳಿ ಮರೆಮಾಚುತ್ತಿದ್ದವನು ನಾನು. ನನ್ನ ತಪ್ಪಿನಿಂದ ಯಾರ ಪ್ರಾಣಕ್ಕೂ ಕುಂದಿರಲಿಲ್ಲವಲ್ಲ!

ಕಳೆದ ವರ್ಷ ನಮ್ಮ ಅಣ್ಣನವರು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದುಕೊಂಡರು. ಈ ಹುಡುಗಿ ಕಲಿಯುತ್ತಿದ್ದ ಆಸ್ಪತ್ರೆಗೇ ಸೇರಿಸಿದೆವು. ಶಸ್ತ್ರಕ್ರಿಯೆಯ ಮುಂಜಾನೆ ಮೈಮೇಲಿನದೆಲ್ಲವನ್ನೂ ತೆಗೆಯಬೇಕೆಂದು ಯಾರೋ ಬಂದು ಹೇಳಿ ಹೋದರು. ಇಷ್ಟಲಿಂಗವನ್ನು ಅಗಲುವುದಾದರೆ ಶಸ್ತ್ರಕ್ರಿಯೆಯೇ ಬೇಡವೆಂದು ಅಣ್ಣನವರು ಹಟ ಹಿಡಿದರು. ನಮಗೆ ದಿಕ್ಕು ತೋಚದಾಯಿತು. ಹುಡುಗಿ ವಾದಿಸಲಿಲ್ಲ, ನಿಯಮವನ್ನೂ ಒಪ್ಪಿಸಲಿಲ್ಲ. ಒಳಗೆ ಹೋಗಿ ವೈದ್ಯರನ್ನು ಕೇಳಿಕೊಂಡು ಬಂದು, ಮಂಚದ ಬಳಿ ಬಾಗಿ ನಿಂತಳು. "ಒಳಗ ರಕ್ತ ನಿಲ್ಲಸಾಕ ಕರೆಂಟಿನ ಉಪಕರಣ ಬಳಸ್ತಾರ್ರೀ ಅಜ್ಜಾರ. ಮೈಮ್ಯಾಲೆ ಬೆಳ್ಳಿ ಇದ್ರ ಅಲ್ಲಿ ಸುಡಬಹುದು. ಕರಡಿಗಿ ಅಷ್ಟ ತೆಗೀರಿ. ಲಿಂಗ ಶುಭ್ರ ಅರಿವ್ಯಾಗ ಸುತ್ತಿ ತೋಳಿಗೆ ಕಟ್ಟಾಕ ಡಾಕ್ಟರ್ ಒಪ್ಯಾರ್ರೀ. ನೀವ ಕಟ್ಕೋರಿ, ನಾ ಮುಟ್ಟೂದಿಲ್ಲ." ಅಣ್ಣನವರು ಆಕೆಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಕರಡಿಗೆಯನ್ನು ಬಿಚ್ಚಿ ನನ್ನ ಕೈಗಿತ್ತರು.

ಶಸ್ತ್ರಕ್ರಿಯೆಯ ಮೂರನೆಯ ದಿನ ಹುಡುಗಿಯ ತಂದೆ ಅಣ್ಣನವರನ್ನು ಕಾಣಲು ಬಂದರು. ಅದೇ ಹೊತ್ತಿಗೆ ಆಕೆ ಮೂತ್ರದ ಚೀಲವನ್ನು ಬರಿದು ಮಾಡಿ, ಅಳತೆ ಬರೆದಿಟ್ಟು, ಕೈ ತೊಳೆದು ಬಂದಳು. ತಂದೆ ಬಾಗಿಲಲ್ಲಿಯೇ ನಿಂತು ನೋಡುತ್ತಿದ್ದರು. ಮಗ್ಗುಲು ಬದಲಿಸುವ ವೇಳೆಯಾಗಿತ್ತು. ಹೊರಳಿಸುವಾಗ ಕಾಲುಗಳ ನಡುವೆ ದಿಂಬು ಇರಬೇಕು.

"ಅಪ್ಪಾ, ಅಲ್ಲೇ ನಿಂತ್ರ ಹ್ಯಾಂಗ? ಕೈ ತೊಳಕೊಂಡು ಬಂದು ಈ ದಿಂಬು ಹಿಡೀರಿ" ಎಂದಳು.

ಅವರು ರುಮಾಲನ್ನು ಕಿಟಕಿಯ ಮೇಲಿಟ್ಟು ನಲ್ಲಿಯ ಕಡೆಗೆ ಹೋದರು.