ತೂಗುಬುಟ್ಟಿಯ ಹೂಗಳು

ಅಂಗಳವಿಲ್ಲದ ಮನೆಯಲ್ಲಿಯೂ ನಾಲ್ಕು ಹೂ ಅರಳಬೇಕೆಂಬ ಆಸೆ ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಸಾಮಾನ್ಯವಾದುದು. ಊರಿನ ಬಾವಿಕಟ್ಟೆಯ ಬದಿಯ ಕನಕಾಂಬರ, ಚಪ್ಪರಕ್ಕೆ ಹಬ್ಬಿದ ಮಲ್ಲಿಗೆ ಇವುಗಳ ನಡುವೆ ಬೆಳೆದವರಿಗೆ ಇಲ್ಲಿ ದೊರೆಯುವುದು ಮೂರಡಿ ಅಗಲದ ಬಾಲ್ಕನಿ. ಅದರಲ್ಲಿಯೂ ಅರ್ಧ ಭಾಗ ಬಟ್ಟೆ ಒಣಗಿಸುವ ಹಗ್ಗಕ್ಕೆ ಮೀಸಲು. ನೆಲವಿಲ್ಲದೆಡೆ ಉಳಿಯುವುದು ತಲೆಯ ಮೇಲಿನ ಅವಕಾಶವೊಂದೇ. ಬುಟ್ಟಿಯ ಅಂಚಿನಿಂದ ಕೆಳಕ್ಕೆ ಇಳಿಬೀಳುವ ಹೂಗಿಡಗಳು ಇಂತಹ ಮನೆಗಳಿಗೆ ಹೇಳಿ ಮಾಡಿಸಿದಂತಿವೆ.

ಗಿಡದ ಆಯ್ಕೆಗೆ ಮುನ್ನ ತೂಕದ ವಿಚಾರ. 12 ಅಂಗುಲ ವ್ಯಾಸದ ಅರ್ಧಗೋಲಾಕಾರದ ಬುಟ್ಟಿ ಸುಮಾರು 7 ಲೀಟರು ಮಣ್ಣನ್ನು ಹಿಡಿಯುತ್ತದೆ. ನೀರುಂಡ ಮೇಲೆ ಬರಿಯ ಮಣ್ಣಿನ ತೂಕವೇ 10 ಕಿಲೋಗ್ರಾಮನ್ನು ಮೀರುವುದುಂಟು. ಗಾರೆಗೆ ಹೊಡೆದ ಮೊಳೆ ಈ ಭಾರವನ್ನು ತಾಳಲಾರದು. ಕೊಕ್ಕೆ ಕಾಂಕ್ರೀಟಿನೊಳಗೆ ಭದ್ರವಾಗಿ ಕೂಡಿರಬೇಕು. ಕಟಾಂಜನದ ಹೊರಗೆ ಬುಟ್ಟಿಯನ್ನು ತೂಗುಹಾಕುವುದಂತೂ ಸಲ್ಲದು. ನಾಲ್ಕನೆಯ ಮಹಡಿಯಿಂದ ಜಾರಿದ ಕುಂಡ ಕೆಳಗೆ ನಡೆಯುವವನ ಪ್ರಾಣವನ್ನೇ ತೆಗೆದೀತು. ಮುಂಗಾರಿನ ಗಾಳಿಗೆ ದಯೆದಾಕ್ಷಿಣ್ಯಗಳಿಲ್ಲ.

ತೂಕವನ್ನು ಇಳಿಸಲು ತೆಂಗಿನ ನಾರಿನ ಪುಡಿ ಬಹು ಸಹಾಯಕಾರಿ. ತನ್ನ ಭಾರದ ಹಲವು ಪಟ್ಟು ನೀರನ್ನು ಹೀರಿಕೊಂಡೂ ಬೇರಿಗೆ ಗಾಳಿಯಾಡಲು ಎಡೆಗೊಡುವ ಗುಣ ಅದಕ್ಕಿದೆ. ಉಪ್ಪಿನಂಶವಿರಬಹುದಾದ ಕಾರಣ ಒಂದೆರಡು ಬಾರಿ ನೀರಿನಲ್ಲಿ ನೆನೆಸಿ ಹಿಂಡಿ ಬಳಸಬೇಕು. ಇದು, ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಇವುಗಳನ್ನು ಸಮಭಾಗವಾಗಿ ಬೆರೆಸಿದರೆ ಸಾಕು. ತಂತಿಯ ಬುಟ್ಟಿಯಾದರೆ ಒಳಗೆ ನಾರಿನ ಹಾಸು ಹೊದಿಸಬೇಕು. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ತಂತಿ ತಗಲಿ ಕೈ ಸೀಳಿದರೆ ಗಾಯವನ್ನು ಸೋಪಿನಿಂದ ತೊಳೆದು, ಚುಚ್ಚುಮದ್ದಿನ ವಿಷಯವಾಗಿ ವೈದ್ಯರನ್ನು ವಿಚಾರಿಸುವುದು ಲೇಸು.

ಇನ್ನು ಹೂಗಳು. ಮಧ್ಯಾಹ್ನದ ಬಿಸಿಲು ಬೀಳುವ ಬಾಲ್ಕನಿಗೆ ಟೇಬಲ್ ರೋಸ್‌ನಂತಹ ಗಿಡ ಬೇರೊಂದಿಲ್ಲ. ದಕ್ಷಿಣ ಅಮೆರಿಕ ಮೂಲದ ಈ ಗಿಡ ದಪ್ಪನೆಯ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಮುರಿದ ತುಂಡೊಂದನ್ನು ಊರಿದರೂ ಚಿಗುರುತ್ತದೆ. ಬಿಸಿಲಿಲ್ಲದಿದ್ದರೆ ಮಾತ್ರ ಹೂ ಅರಳುವುದಿಲ್ಲ. ಮೋಡ ಕವಿದ ದಿನ ಮೊಗ್ಗು ಮುಚ್ಚಿರುವುದನ್ನು ಕಂಡು ರೋಗವೆಂದು ಭಾವಿಸಿ ಔಷಧಿ ಸಿಂಪಡಿಸುವವರಿದ್ದಾರೆ!

ಚಳಿಗಾಲದ ರಾಣಿ ಪೆಟೂನಿಯ. ಮುಂಬಯಿಯಲ್ಲಿ ಅಕ್ಟೋಬರಿನ ಹೊತ್ತಿಗೆ ಬಿತ್ತಿದರೆ ಹೊಸವರ್ಷದ ಸುಮಾರಿಗೆ ಹೂ ಕಾಣಬಹುದು. ಬೀಜ ಧೂಳಿನಂತೆ ಸೂಕ್ಷ್ಮ. ಒಂದು ಗ್ರಾಮಿಗೆ ಸುಮಾರು 10,000 ಬೀಜಗಳು ತೂಗುತ್ತವೆ. ಮೊಳೆಯಲು ಬೆಳಕು ಬೇಕಾದುದರಿಂದ ಮೇಲೆ ಮಣ್ಣು ಮುಚ್ಚಕೂಡದು. ಸಸಿಯಲ್ಲಿ ಆರೇಳು ಎಲೆಗಳಾದೊಡನೆ ತುದಿಯನ್ನು ಚಿವುಟಬೇಕು. ಚಿವುಟಲು ಮನಸ್ಸು ಬಾರದವರ ಬುಟ್ಟಿಯಲ್ಲಿ ಒಂದೇ ಉದ್ದನೆಯ ಕಡ್ಡಿ, ಅದರ ತುದಿಯಲ್ಲಿ ಒಂದೇ ಹೂ. ನೆರಳಿನ ಬಾಲ್ಕನಿಗೆ, ಅದರಲ್ಲೂ ಮಳೆಗಾಲಕ್ಕೆ, ಟೊರೇನಿಯ ಒಗ್ಗುತ್ತದೆ. ಚಳಿಗಾಲದ ನಸ್ಟರ್ಷಿಯಮ್ಮಿನ ಎಲೆ, ಹೂಗಳೆರಡೂ ಸಾಸಿವೆಯ ಖಾರವುಳ್ಳವು. ಕೀಟನಾಶಕ ಹಾಕದಿದ್ದಲ್ಲಿ ಕೋಸಂಬರಿಗೂ ಆದೀತು. ಇದಕ್ಕೆ ಗೊಬ್ಬರ ಹೆಚ್ಚಾದರೆ ಎಲೆಯೇ ಹೊರತು ಹೂವಿಲ್ಲ.

ತೂಗುವ ಬುಟ್ಟಿಗೆ ಎಲ್ಲ ಕಡೆಯಿಂದಲೂ ಗಾಳಿ ತಗಲುವುದರಿಂದ ನೆಲದ ಕುಂಡಕ್ಕಿಂತ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಎರಡು ಹೊತ್ತೂ ನೀರು ಬೇಕಾದೀತು. ಪ್ರತಿ ಬಾರಿಯೂ ನೀರಿನೊಡನೆ ಸಾರ ಹರಿದುಹೋಗುವುದರಿಂದ ಹದಿನೈದು ದಿನಕ್ಕೊಮ್ಮೆ ತೆಳುವಾದ ಗೊಬ್ಬರದ ನೀರನ್ನು ಕೊಡುವುದು ಅವಶ್ಯ. ಹರಿದ ನೀರು ಕೆಳಮನೆಯವರ ಒಣಹಾಕಿದ ಬಟ್ಟೆಯ ಮೇಲೆ ಬೀಳುವುದು ಅನೇಕ ಸೊಸೈಟಿಗಳ ಜಗಳಕ್ಕೆ ಮೂಲ. ಅದನ್ನು ತಪ್ಪಿಸಲೆಂದು ತಟ್ಟೆ ಇಡುತ್ತಾರೆ. ನಿಜವಾದ ಅಪಾಯ ಅಡಗಿರುವುದು ಅಲ್ಲಿಯೇ.

ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಕೊಳಚೆಯನ್ನರಸುವುದಿಲ್ಲ. ಮನೆಯೊಳಗಿನ ತಿಳಿನೀರೇ ಅದಕ್ಕೆ ಪ್ರಿಯ. ಕುಂಡದ ತಟ್ಟೆ, ಮನಿ ಪ್ಲಾಂಟ್ ಇಟ್ಟ ಸೀಸೆ ಇವು ಅದರ ಹೆರಿಗೆಮನೆಗಳು. ನೀರಿನಂಚಿಗೆ ಅಂಟಿಸಿದ ಮೊಟ್ಟೆ ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ವಾರ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ನೀರು ಚೆಲ್ಲಿದರೆ ಸಾಲದು. ಒಣಗಿದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಸೋಕಿದಾಗ ಒಡೆಯುತ್ತವೆ. ಆದುದರಿಂದ ವಾರಕ್ಕೊಮ್ಮೆ ತಟ್ಟೆಯ ಒಳಬದಿಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಲೇಬೇಕು, ಇಲ್ಲವೆ ತಟ್ಟೆಯಲ್ಲಿ ಮರಳು ತುಂಬಬೇಕು. ಈ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ರಾತ್ರಿಯ ಪರದೆಯೊಂದನ್ನೇ ನಂಬುವಂತಿಲ್ಲ. ತೊಟ್ಟಿಲಲ್ಲಿ ಹಗಲು ಮಲಗುವ ಮಗುವಿಗೂ ಪರದೆ ಬೇಕು.

ಮನೆಯ ಹಿರಿಯರು ಸ್ಟೂಲು ಹತ್ತಿ ನೀರೆರೆಯಲು ಹೋಗಿ ಬೀಳುವುದು ಮತ್ತೊಂದು ಅನಾಹುತ. ಈ ವಯಸ್ಸಿನಲ್ಲಿ ತೊಡೆಯ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿಯಾಗಬಹುದು. ರಾಟೆ, ಹಗ್ಗ ಕಟ್ಟಿ ಬುಟ್ಟಿಯನ್ನು ಎದೆಯ ಮಟ್ಟಕ್ಕೆ ಇಳಿಸುವಂತೆ ಮಾಡಿಕೊಂಡರೆ ಅಜ್ಜಿಯೂ ನಿಂತಲ್ಲಿಯೇ ಒಣಹೂ ಬಿಡಿಸಬಹುದು.

ಮೇ ರಜೆಗೆ ಊರಿಗೆ ಹೊರಡುವ ಹೊತ್ತಿಗೆ ಪೆಟೂನಿಯದ ಆಯುಷ್ಯ ಮುಗಿದಿರುತ್ತದೆ, ಕಿತ್ತುಹಾಕಲು ಅಳುಕಬೇಕಿಲ್ಲ. ಟೇಬಲ್ ರೋಸ್ ಬಿಸಿಲಿನಿಂದ ಸ್ವಲ್ಪ ಒಳಗಿದ್ದರೆ ಕೆಲವು ದಿನ ತಡೆದುಕೊಳ್ಳುತ್ತದೆ. ಉಳಿದವನ್ನು ನೆರೆಯವರಿಗೆ ಒಪ್ಪಿಸುವುದು, ಅಥವಾ ಬಕೆಟ್ಟಿನಿಂದ ಮಣ್ಣಿಗೆ ದಪ್ಪನೆಯ ಹತ್ತಿಯ ಬತ್ತಿಯನ್ನಿಟ್ಟು ನೀರುಣಿಸುವುದು ರೂಢಿ. ಆದರೆ ಬಕೆಟ್ಟಿನ ಬಾಯಿಗೆ ಬಟ್ಟೆಯನ್ನು ಬಿಗಿಯಾಗಿ ಕಟ್ಟಿಯೇ ಮನೆಗೆ ಬೀಗ ಹಾಕಬೇಕು.